ಟಗರು ನೋಡುವ ಕೈ

ಬಿಗ್‌ಹಾರ್ನ್ ಬೆಟ್ಟದ ಕೆಳಗಿನ ನಮ್ಮ ಕುರಿಹಟ್ಟಿಗಳಲ್ಲಿ ಅಕ್ಟೋಬರ್ ಬಂತೆಂದರೆ ಎಲ್ಲರ ಬಾಯಲ್ಲೂ ನನ್ನ ಗಂಡನ ಹೆಸರೇ. ಪೆಲ್ಲೊ ಯಾವತ್ತು ಬರುತ್ತಾನೆ, ಮೊದಲು ಯಾರ ದೊಡ್ಡಿಗೆ ಹೋಗುತ್ತಾನೆ. ಚಳಿಗಾಲದ ಮುಂಚೆ ಟಗರುಗಳನ್ನು ಕುರಿಗಳೊಳಗೆ ಬಿಡುವಾಗ ಪ್ರತಿ ಟಗರಿನ ಬೀಜವನ್ನೂ ಮುಟ್ಟಿ ನೋಡಬೇಕು. ಒಬ್ಬರು ಟಗರನ್ನು ಹಿಡಿದು ಕುಂಡೆಯ ಮೇಲೆ ಕೂರಿಸುತ್ತಾರೆ. ಹಾಗೆ ಕೂರಿಸಿದ ಟಗರು ಊಟ ಮುಗಿಸಿದ ಮುದುಕನ ಹಾಗೆ ಹೊಟ್ಟೆ ಮುಂದೆ ಚಾಚಿಕೊಂಡು ಸುಮ್ಮನಾಗುತ್ತದೆ. ಪೆಲ್ಲೊ ಮಂಡಿಯೂರಿ, ಕೈಗವಸು ಬಿಚ್ಚಿ, ಎರಡೂ ಕೈಯಲ್ಲಿ ಬೀಜದ ಚೀಲ ಹಿಡಿದು, ಕಣ್ಣನ್ನು ಬೆಟ್ಟದ ಕಡೆ ನೆಟ್ಟು, ಬೆರಳುಗಳಿಂದಲೇ ನೋಡುತ್ತಿದ್ದ. ನೋಡಿ ಒಂದೇ ಮಾತು ಹೇಳುತ್ತಿದ್ದ: "ಸರಿ." ಇಲ್ಲವೇ, "ಕೆಂಪು." ಕೆಂಪು ಅಂದರೆ ಆ ಟಗರಿನ ಹಣೆಗೆ ಕೆಂಪು ಬಣ್ಣ ಬಿತ್ತು, ಸಂಜೆಯೊಳಗೆ ಲಾರಿ ಹತ್ತಿ ಕಟುಕರ ಪಾಲಾಯಿತು.

ಅಂಥ ಕೈಯ ಪೆಲ್ಲೊ ಮೂವತ್ತು ತುಂಬುವ ಮೊದಲೇ ಸತ್ತ, ತನ್ನದೇ ಬೀಜದಲ್ಲಿ ಎದ್ದ ಗಂಟಿನಿಂದ. ಗಂಟು ಇರುವುದು ಅವನಿಗೆ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಗೊತ್ತಿದ್ದವನು ಅವನೇ.

ಅವನು ಹುಟ್ಟಿದ್ದು ಬೆಟ್ಟದ ಮೇಲೆ, ಕುರಿ ಕಾಯುವವರ ಬಂಡಿಯೊಳಗೆ. ಅಪ್ಪ ಅಮ್ಮ ಇಬ್ಬರೂ ಸಮುದ್ರದಾಚೆಯ ಬಾಸ್ಕ್ ಸೀಮೆಯಿಂದ ಬಂದವರು. ಮನೆಯಲ್ಲಿ ಆ ಭಾಷೆ ಬಿಟ್ಟು ಬೇರೆ ಮಾತಿರಲಿಲ್ಲ. ಶಾಲೆಗೆ ಸೇರಿದ ದಿನ ಟೀಚರು ಏನು ಕೇಳಿದರೂ ತಮ್ಮ ನಾಯಿಯ ಹೆಸರನ್ನೇ ಹೇಳುತ್ತಿದ್ದನಂತೆ, ಅದೊಂದನ್ನಾದರೂ ಧೈರ್ಯವಾಗಿ ಹೇಳಬಹುದಲ್ಲ ಎಂದು. ಮೀಸೆ ಮೂಡುವ ಹೊತ್ತಿಗೆ ಉಣ್ಣೆ ಕತ್ತರಿಸುವವರ ತಂಡ ಸೇರಿ ಟೆಕ್ಸಸ್‌ನಿಂದ ಮೊಂಟಾನಾವರೆಗೆ ಬೆನ್ನು ಬಗ್ಗಿಸಿಕೊಂಡೇ ಹೋಗಿಬಂದ. ಅಪ್ಪ ಹಿಮಗಾಳಿಗೆ ಸಿಕ್ಕಿ ಸತ್ತ ಮೇಲೆ ಮಂದೆ ನೋಡಿಕೊಳ್ಳಲು ಮನೆಗೆ ಬಂದ. ನಾನು ಊರಿನ ಹಾರ್ಡ್‌ವೇರ್ ಅಂಗಡಿಯವರ ಮಗಳು. ಅವನು ಬೇಲಿಯ ಮೊಳೆ ಕೊಳ್ಳಲು ಬರುತ್ತಿದ್ದ. ಅಷ್ಟೊಂದು ಮೊಳೆ ಹೊಡೆಯುವಷ್ಟು ಬೇಲಿ ಅವರಿಗಿಲ್ಲ ಎಂದು ನನ್ನ ಅಪ್ಪನಿಗೆ ನನಗಿಂತ ಮೊದಲೇ ತಿಳಿದಿತ್ತು.

ಅತ್ತೆಯ ಹೆಸರು ಗ್ರಾಶಿ. ಬಾಸ್ಕರು ತಾಯಿಗೆ ಅಮಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನಾನು ಆ ಮನೆಗೆ ಬಂದ ಮೊದಲ ವಸಂತದಲ್ಲಿ ಗಂಡುಮರಿಗಳ ಬೀಜ ತೆಗೆಯುವ ದಿನ ಅಮಾ ಹುರುಳಿಕಾಯಿ ಹೆಚ್ಚುತ್ತಿದ್ದರು, ನಾನು ಬ್ರೆಡ್ಡಿನ ಹಿಟ್ಟು ನಾದುತ್ತಿದ್ದೆ. ಪೆಲ್ಲೊ ಒಳಗೆ ಬಂದು, ಸಂತೆಗೆ ಕಳಿಸದೆ ಮನೆಗೆಂದು ಕಡಿದ ಹಳೆ ಟಗರಿನ ಬೀಜವೊಂದನ್ನು ಮೇಜಿನ ಮೇಲಿಟ್ಟು ಚಾಕುವಿನಿಂದ ಎರಡು ಹೋಳು ಮಾಡಿದ.

"ಬಾ ಇಲ್ಲಿ, ನೋಡು. ಕುರಿ ಸಾಕೋರ ಮನೆಗೆ ಬಂದ ಮೇಲೆ ಇದು ಗೊತ್ತಿಲ್ಲ ಅಂದ್ರೆ ಆಗಲ್ಲ."

ಒಳಗೆ ಒದ್ದೆ ನೂಲಿನ ಉಂಡೆಯ ಹಾಗಿತ್ತು. ಚಾಕುವಿನ ಮೊನೆಗೆ ಸಿಕ್ಕಿದ ಎಳೆ ಎಳೆದಷ್ಟೂ ಬರುತ್ತಿತ್ತು.

"ಮರಿ ಮಾಡೋ ಹುಳ ಹುಟ್ಟೋದು ಈ ನೂಲೊಳಗೆ. ಆದ್ರೆ ಹುಟ್ಟಿದ ತಕ್ಷಣ ಅದಕ್ಕೆ ಈಜು ಬರಲ್ಲ. ಇಲ್ನೋಡು, ಬೀಜಕ್ಕೆ ಬೆನ್ನ ಹಿಂದೆ ಅಂಟ್ಕೊಂಡು ಕೆಳಗೆ ಇಳಿದಿದೆಯಲ್ಲ, ಇದು ಬಾಲ. ಇದರಲ್ಲಿ ಸುತ್ತಿ ಸುತ್ತಿ ಬಂದು ಈಜು ಕಲಿಯುತ್ತೆ, ಕರೆ ಬರೋ ತನಕ ಇಲ್ಲೇ ಕಾಯುತ್ತೆ. ಟಗರಿಗೆ ಕಾಯಿಲೆ ಬಂದ್ರೆ ಗಂಟು ಕಟ್ಟೋದು ಈ ಬಾಲದ ತುದೀಲೆ. ದಾರಿ ಮುಚ್ಚಿತು ಅಂದ್ರೆ ಬರಡು."

"ಇದನ್ನ ಒಳಗೆ ಜೋಪಾನವಾಗಿ ಇಡೋದು ಬಿಟ್ಟು ಹೊರಗೆ ಯಾಕೆ ನೇತು ಹಾಕಿದಾನೆ ದೇವರು?" ಎಂದೆ.

"ಮೈ ಬಿಸಿ ಇದಕ್ಕಾಗಲ್ಲ. ಚಳಿಯಾದ್ರೆ ಚೀಲ ಮೇಲೆ ಎಳ್ಕೊಳ್ಳುತ್ತೆ, ಸೆಕೆಯಾದ್ರೆ ಕೆಳಗೆ ಬಿಡುತ್ತೆ. ನಮ್ಮನೆ ಒಲೆಗಿಂತ ಚೆನ್ನಾಗಿ ಕೆಲಸ ಮಾಡುತ್ತೆ. ಹುಟ್ಟೋದೇನೋ ಹೊಟ್ಟೆಯೊಳಗೇ, ಮೂತ್ರಪಿಂಡದ ಪಕ್ಕ. ಮರಿ ತಾಯಿ ಹೊಟ್ಟೇಲಿರುವಾಗಲೇ ಅಲ್ಲಿಂದ ಇಳಿದು ಬರಬೇಕು. ಕೆಲವು ಅರ್ಧ ದಾರೀಲೇ ಕೂತುಬಿಡ್ತವೆ. ಅಂಥ ಮರೀನ ನಾವು ಇಟ್ಕೊಳ್ಳಲ್ಲ."

ಅಮಾ ಎದ್ದು ಒಲೆ ನೋಡಲು ಹೋದರು. ಒಲೆಯಲ್ಲಿ ಆಗಿನ್ನೂ ಏನೂ ಇರಲಿಲ್ಲ. ಅಲ್ಲಿಂದಲೇ, "ಮೇಜಿನ ಮೇಲೆ ಪಾಠ ಸಾಕು ಮಾಡೋ. ಅದು ಬಾಣಲೆಗೆ ಹೋಗ್ಬೇಕಾದ್ದು, ಬೆಳ್ಳುಳ್ಳಿ ಸುಲಿ," ಎಂದರು.

ನಮ್ಮ ಮಗ ಬೆನ್ಯಾತ್ ಹುಟ್ಟಿ, ನಡೆಯಲು ಕಲಿತು, ಮೊಲೆ ಬಿಟ್ಟ ಮೇಲೆ ಇನ್ನೊಂದು ಮಗು ಬೇಕೆಂದು ಇಬ್ಬರಿಗೂ ಆಸೆಯಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಪಕ್ಕದ ಹಟ್ಟಿಯ ಡೆಲ್ಮರ್‌ನ ದೊಡ್ಡಿಗೆ ನಾನೂ ಕಾಫಿ ಹಿಡಿದು ಹೋಗಿದ್ದೆ. ಡೆಲ್ಮರ್ ದೂರದ ಹರಾಜಿನಿಂದ ತಂದ ದೊಡ್ಡ ಟಗರಿನ ಸರದಿ ಬಂದಾಗ ಪೆಲ್ಲೊನ ಬೆರಳುಗಳು ನಿಂತವು.

"ಕೆಂಪು."

"ಏನಂದೆ?" ಎಂದ ಡೆಲ್ಮರ್.

"ಎಡಗಡೆ ಬಾಲದಲ್ಲಿ ಗಂಟಿದೆ. ನೀನೇ ಮುಟ್ಟಿ ನೋಡು."

"ಗಂಟಿದ್ರೆ ಏನಾಯ್ತಯ್ಯ? ನೋವಿಲ್ಲ, ಮೇವು ಬಿಟ್ಟಿಲ್ಲ, ನಿನ್ನೆ ನನ್ನ ಬೇಲಿ ಮುರಿದು ಬಂದಿದೆ. ನನಗಿಂತ ಗಟ್ಟಿಯಾಗಿದೆ ಅದು."

"ನಿನಗಿಂತ ಗಟ್ಟಿ ಇರೋದು ದೊಡ್ಡ ಮಾತಲ್ಲ. ನೋವಿರಲ್ಲ, ಸಾಯೋದೂ ಇಲ್ಲ. ಆರಾಮಾಗಿ ಬದುಕುತ್ತೆ, ಬರಡಾಗಿ. ಗಂಟು ಯಾವ ಟಗರನ್ನೂ ಕೊಂದಿಲ್ಲ ಡೆಲ್ಮರ್. ಕೊಲ್ಲೋರು ನಾವು."

ಎಲ್ಲರೂ ನಕ್ಕರು. ಡೆಲ್ಮರ್ ಬೈದುಕೊಳ್ಳುತ್ತಲೇ ಬಣ್ಣದ ಡಬ್ಬಿ ತಂದ. ಪೆಲ್ಲೊ ಎದ್ದು, ಕೈ ತೊಳೆದು, ನನ್ನಿಂದ ಕಾಫಿ ಇಸಿದುಕೊಂಡು ಬೇಲಿಗೆ ಒರಗಿ ನಿಂತ. ಆ ಟಗರು ಲಾರಿ ಹತ್ತುವವರೆಗೂ ಅದನ್ನೇ ನೋಡುತ್ತಿದ್ದ. ಆ ಹೊತ್ತಿಗೆ ಅವನದೇ ಬೀಜದಲ್ಲಿ ಬೇಸಿಗೆಯಿಂದ ಗಂಟಿತ್ತು. ನನಗದು ತಿಳಿದದ್ದು ಚಳಿಗಾಲ ಅರ್ಧ ಕಳೆದ ಮೇಲೆ.

ಮೊದಲು ಬಂದದ್ದು ಬೆನ್ನುನೋವು. ಉಣ್ಣೆ ಕತ್ತರಿಸುವವರಿಗೆ ಬೆನ್ನು ನೋಯದಿದ್ದರೆ ಅದೇ ಸುದ್ದಿ. ಕತ್ತರಿ ಬೆನ್ನು ಎಂದು ಅದಕ್ಕೆ ಹೆಸರೇ ಇದೆ. ಪೆಲ್ಲೊ ಕೆಲಸದಿಂದ ಬಂದವನೇ ಅಡುಗೆಮನೆಯ ಹಲಗೆ ನೆಲದ ಮೇಲೆ ಅಂಗಾತ ಮಲಗುತ್ತಿದ್ದ, ಬೆನ್ಯಾತ್ ಅವನ ಹೊಟ್ಟೆಯ ಮೇಲೆ ಕುದುರೆ ಸವಾರಿ ಮಾಡುತ್ತಿದ್ದ. ಅಮಾ ಕುದುರೆಗೆ ಹಚ್ಚುವ ಎಣ್ಣೆಯನ್ನೇ ಅವನ ಬೆನ್ನಿಗೂ ತಿಕ್ಕುತ್ತಿದ್ದರು. ನನಗೆ ತಿಂಗಳು ತಿಂಗಳೂ ಮುಟ್ಟು ಬರುತ್ತಿತ್ತು. ಮೊದಮೊದಲು ಅವನು ಕಣ್ಣಲ್ಲೇ ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟ.

ಫೆಬ್ರವರಿಯ ಒಂದು ಬೆಳಿಗ್ಗೆ ಬೆನ್ಯಾತ್ ಓಡಿಹೋಗಿ ಅಪ್ಪನ ಎದೆಗೆ ತಲೆ ಗುದ್ದಿದ. ಪೆಲ್ಲೊ ಹಲ್ಲು ಕಚ್ಚಿ ಮಗುವನ್ನು ಪಕ್ಕಕ್ಕೆ ಸರಿಸಿದ. ನಾನು ಅಂಗಿಯ ಗುಂಡಿ ಬಿಚ್ಚಿ ನೋಡಿದೆ. ಎರಡೂ ಮೊಲೆತೊಟ್ಟಿನ ಕೆಳಗೆ ಕೋಟಿನ ಗುಂಡಿಯಷ್ಟಗಲ ಊದಿತ್ತು, ಮುಟ್ಟಿದರೆ ನೋವು. ಅಮಾ ಇಣುಕಿ ನೋಡಿ ನಕ್ಕರು.

"ನಿಮ್ಮಪ್ಪ ಇದ್ದಿದ್ರೆ ಮಗೂಗೆ ಹಾಲು ಕುಡಿಸೋ ಕೆಲಸ ನಿಂಗೇ ವಹಿಸ್ತಿದ್ದ ಮಗಾ."

ನನಗೆ ನಗು ಬರಲಿಲ್ಲ. ಬೆನ್ಯಾತ್ ಹೊಟ್ಟೆಯಲ್ಲಿ ನಿಂತಾಗ ಮುಟ್ಟು ತಪ್ಪುವುದಕ್ಕೂ ಮೊದಲು ನನ್ನ ಮೈ ನನಗೆ ಸುದ್ದಿ ಹೇಳಿದ್ದು ಹೀಗೇ, ಇದೇ ಜಾಗದಲ್ಲಿ, ಇದೇ ನೋವಿನಿಂದ. ಮೊಟ್ಟೆ ತರಲೆಂದು ಅಮಾನನ್ನು ಮಗುವಿನ ಜೊತೆ ಕೋಳಿಗೂಡಿಗೆ ಕಳಿಸಿ ಬಾಗಿಲು ಹಾಕಿದೆ.

"ಇನ್ನೇನು ಬಚ್ಚಿಟ್ಟಿದೀಯ?"

"ಏನಿಲ್ಲ."

"ಪೆಲ್ಲೊ."

ಅವನು ಗುಂಡಿ ಹಾಕಿಕೊಳ್ಳುತ್ತಾ, "ನಂಗೂ ಕೆಂಪು, ಲೋರ್ನಾ," ಎಂದ. "ಹೋದ ಬೇಸಿಗೆ ಬೆಟ್ಟದ ಮೇಲಿದ್ದಾಗ ಸಿಕ್ತು. ಬಲಗಡೆ. ನೋವಿಲ್ಲ ಏನಿಲ್ಲ. ಎಷ್ಟು ಟಗರು ಮುಟ್ಟಿದೀನಿ ಬರಿಗೈಲಿ, ಅದೇ ಅಂಟ್ಕೊಂಡಿದೆ ಅಂದ್ಕೊಂಡೆ. ಸಾಯೋ ಕಾಯಿಲೆ ಅಲ್ವಲ್ಲ. ಮಕ್ಕಳಾಗಲ್ಲ, ಅಷ್ಟೇ. ಅದನ್ನ ನಿಂಗೆ ಹೇಗೆ ಹೇಳೋದು ಅಂತ."

"ನಂಗೆ ಬೇಡ, ಡಾಕ್ಟ್ರಿಗೆ ಹೇಳ್ಬಹುದಿತ್ತು."

"ಡಾಕ್ಟ್ರ ಹತ್ರ ಇರೋ ನರ್ಸು ಡೆಲ್ಮರ್ ಹೆಂಡ್ತಿ ತಂಗಿ. ಸಂಜೆಯೊಳಗೆ ನನ್ನ ಹಣೆಗೂ ಬಣ್ಣ ಬೀಳೋದು."

ನಾನು ಕೈಯನ್ನು ಒಲೆಯ ಮುಂದೆ ಬಿಸಿ ಮಾಡಿಕೊಂಡೆ. ತಣ್ಣನೆ ಕೈ ತಗುಲಿದರೆ ಚೀಲ ಬಿಗಿದುಕೊಂಡು ಏನೂ ತಿಳಿಯುವುದಿಲ್ಲ. ಅದೂ ಅವನೇ ಹೇಳಿಕೊಟ್ಟದ್ದು. ಅವನು ಟಗರಿಗೆ ಮಾಡುವ ಹಾಗೆಯೇ ನೋಡಿದೆ. ಎಡಗಡೆಯದು ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯ ಹಾಗೆ, ಒತ್ತಿದರೆ ಒತ್ತಿಸಿಕೊಳ್ಳುವಂತೆ ಇತ್ತು. ಬಲಗಡೆಯದಕ್ಕೆ ಹಿಂದಿನ ಬಾಲ ಮೆತ್ತಗೇ ಇತ್ತು, ತುದಿಯವರೆಗೂ ಮೆತ್ತಗೆ. ಕಲ್ಲಾಗಿದ್ದದ್ದು ಬೀಜವೇ.

"ಇದು ಬಾಲದಲ್ಲಿಲ್ಲ," ಎಂದೆ.

"ಗೊತ್ತು."

"ಗೊತ್ತಿದ್ದೂ?"

ಹೊರಗೆ ಅಮಾ ಕೋಳಿಗಳನ್ನು ಬಾಸ್ಕ್ ಭಾಷೆಯಲ್ಲಿ ಬೈಯುವುದು ಕೇಳಿಸುತ್ತಿತ್ತು.

ಊರಿನ ಡಾಕ್ಟರು ವಯಸ್ಸಾದವರು. ಮುಟ್ಟಿ ನೋಡಿ, ಎದೆಯ ಚಿತ್ರ ತೆಗೆಸಿ, ಮೂತ್ರವನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ನರ್ಸನ್ನು ಹೊರಗೆ ಕಳಿಸಿ ತಾವೇ ಬಾಗಿಲು ಮುಚ್ಚಿದರು.

"ಹೇಗೆ ಹೇಳೋದು ನನಗೂ ತಿಳೀತಿಲ್ಲಪ್ಪ. ಇದು ಹೆಂಗಸರು ಬಸುರಾಗಿದ್ದಾರಾ ಅಂತ ನೋಡೋ ಪರೀಕ್ಷೆ. ನಿನ್ನ ಮೂತ್ರಕ್ಕೆ ಮಾಡಿಸಿದೆ. ಹೌದು ಅಂತ ಬಂದಿದೆ."

ಬೀಜದಲ್ಲಿ ಏಳುವ ಕೆಲವು ಕೆಟ್ಟ ಗಡ್ಡೆಗಳು, ಗರ್ಭದಲ್ಲಿ ಮಾಸು ಯಾವ ರಸ ಸುರಿಸುತ್ತದೋ ಅದನ್ನೇ ಸುರಿಸುತ್ತವಂತೆ. ಎದೆ ಊದಿದ್ದು ಅದಕ್ಕೇ. ಪೆಲ್ಲೊ ಟೋಪಿಯನ್ನು ಮಂಡಿಯ ಮೇಲಿಟ್ಟು ನನ್ನ ಕಡೆ ತಿರುಗಿದ.

"ಇನ್ನೊಂದು ಬೇಕು ಅಂತಿದ್ಯಲ್ಲ."

ನಾವಿಬ್ಬರೂ ನಕ್ಕುಬಿಟ್ಟೆವು. ನಿಲ್ಲಿಸಲಾಗದಂತೆ ನಕ್ಕೆವು. ಡಾಕ್ಟರು ಕಿಟಕಿಯ ಕಡೆ ನೋಡುತ್ತಾ ನಮ್ಮ ನಗು ಮುಗಿಯುವವರೆಗೂ ಕಾದರು. ಆಮೇಲೆ ಬೆನ್ನಿನ ವಿಚಾರ ಕೇಳಿದರು. ಕತ್ತರಿ ಬೆನ್ನು ಎಂದ ಪೆಲ್ಲೊ.

"ಅಲ್ಲ. ಬೀಜ ಹುಟ್ಟೋದು ಮೂತ್ರಪಿಂಡದ ಹತ್ತಿರ. ಇಳಿದು ಬರುವಾಗ ತನ್ನ ರಕ್ತನಾಳಗಳನ್ನೂ ಅಲ್ಲಿಂದಲೇ ಎಳ್ಕೊಂಡು ಬರುತ್ತೆ. ಹಾಗಾಗಿ ಗಡ್ಡೆ ಹರಡೋದೂ ಅದೇ ದಾರೀಲಿ, ಮೇಲಕ್ಕೆ, ಬೆನ್ನಿನ ಒಳಗಡೆಗೆ. ಅಲ್ಲಿಂದ ಪುಪ್ಪುಸಕ್ಕೆ. ನಿನ್ನ ಎದೆ ಚಿತ್ರದಲ್ಲಿ ಕಲೆಗಳಿವೆ." ಚಿತ್ರವನ್ನು ಮೇಜಿನ ಮೇಲಿಟ್ಟು ಕೇಳಿದರು: "ಚಿಕ್ಕವನಿದ್ದಾಗ ಒಂದು ಇಳಿದಿರಲಿಲ್ವಾ?"

"ನಂಗೆ ನೆನಪಿಲ್ಲ ಡಾಕ್ಟ್ರೇ. ಅಮಾನ ಕೇಳ್ಬೇಕು."

ಮನೆಗೆ ಬಂದಾಗ ಅಮಾ ಹಿಟ್ಟು ನಾದುತ್ತಿದ್ದರು. ನಾನು ಕೇಳಿದೆ. ಅವರು ತಲೆ ಎತ್ತಲಿಲ್ಲ.

"ಬಲಗಡೇದು. ಶಾಲೆಗೆ ಹೋಗೋ ವಯಸ್ಸಾದ್ರೂ ಇರಲಿಲ್ಲ. ಆಮೇಲೆ ತಾನಾಗೇ ಇಳೀತು. ಇಳಿದ ಮೇಲೆ ಯಾಕೆ ಮಾತು ಅಂತ ಸುಮ್ಮನಾದೆ. ಅವರಪ್ಪನಿಗೂ ಹೇಳ್ಲಿಲ್ಲ. ಅಂಥ ಮರಿಗಳನ್ನ ಆತ ಏನು ಮಾಡ್ತಿದ್ದ ಅಂತ ಕಣ್ಣಾರೆ ಕಂಡಿದ್ದೆನಲ್ಲ ಮಗಳೇ."

"ಇಳಿದ್ರೂ ಅದಕ್ಕೆ ಅಪಾಯ ಜಾಸ್ತಿಯಂತೆ ಅಮಾ. ಆಗಾಗ ಮುಟ್ಟಿ ನೋಡ್ಕೋತಾ ಇರ್ಬೇಕಿತ್ತಂತೆ."

"ಯಾರು ಹೇಳ್ತಾರೆ ಕುರಿಗಾಡಿಯಲ್ಲಿರೋ ಹೆಂಗಸಿಗೆ?" ಎಂದರು. ಹಿಟ್ಟು ಹದಕ್ಕೆ ಬಂದು ಬಹಳ ಹೊತ್ತಾಗಿತ್ತು. ಅವರು ನಾದುತ್ತಲೇ ಇದ್ದರು.

ಡೆನ್ವರಿನ ಆಸ್ಪತ್ರೆಯಲ್ಲಿ ಬೀಜವನ್ನು ತೆಗೆದರು. ಚೀಲ ಕೊಯ್ಯಲಿಲ್ಲ. ತೊಡೆಸಂದಿನ ಮೇಲೆ ಕೊಯ್ದು, ಬೀಜಕ್ಕೆ ಮೇಲಿನಿಂದ ಬರುವ ಹುರಿಯನ್ನು ಕಟ್ಟಿ, ಬೀಜವನ್ನು ಮೇಲಕ್ಕೆಳೆದು ತೆಗೆದರು. ಚೀಲ ಕೊಯ್ದರೆ ಕಾಯಿಲೆ ಹೊಸ ದಾರಿ ಹಿಡಿಯುತ್ತದಂತೆ. ಪ್ರಜ್ಞೆ ಬಂದ ಪೆಲ್ಲೊ ಪಟ್ಟಿ ಕಟ್ಟಿದ ಜಾಗವನ್ನು ಮುಟ್ಟಿ ನೋಡಿಕೊಂಡ.

"ನಾನು ಮರಿಗಳಿಗೆಲ್ಲ ಕೆಳಗಿಂದ ತೆಗೆದೆ. ನಂಗೆ ಮೇಲಿಂದ ತೆಗೆದಿದಾರೆ. ಮರ್ಯಾದೆ ಅಂದ್ರೆ ಇದು."

ಆಮೇಲೆ ಔಷಧಿ. ಅದು ಅವನ ಕೂದಲು ಉದುರಿಸಿತು, ಬಾಯಿ ಹುಣ್ಣು ಮಾಡಿತು, ಊಟ ಬಿಡಿಸಿತು. ಪುಪ್ಪುಸದ ಕಲೆಗಳನ್ನು ಮಾತ್ರ ಅದು ಮುಟ್ಟಲಿಲ್ಲ. ಬೆನ್ಯಾತ್ ಅಪ್ಪನ ಬೋಳು ತಲೆ ನೋಡಿ ಅತ್ತಾಗ ಪೆಲ್ಲೊ, "ಉಣ್ಣೆ ಕತ್ತರಿಸಿದ್ದು ಕಣೋ, ಕತ್ತರಿ ಸ್ವಲ್ಪ ಹತ್ತಿರ ಓಡ್ತು," ಎಂದು ಸಮಾಧಾನ ಮಾಡಿದ. ಏಪ್ರಿಲ್ ಕೊನೆಗೆ ಡಾಕ್ಟರುಗಳು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು.

ಮೇ ತಿಂಗಳಲ್ಲಿ ನಮ್ಮ ಗಂಡುಮರಿಗಳ ಬೀಜ ತೆಗೆಯುವ ಕೆಲಸಕ್ಕೆ ನಾವು ಕರೆಯದೆಯೇ ಸುತ್ತಿನ ಹಟ್ಟಿಯವರೆಲ್ಲ ಬಂದರು. ಪೆಲ್ಲೊನ ಚಾಕು ಹಿಡಿದವನು ಡೆಲ್ಮರ್. ಪೆಲ್ಲೊ ಕಂಬಳಿ ಹೊದ್ದು ಬೇಲಿಯ ಪಕ್ಕ ಕುರ್ಚಿಯಲ್ಲಿ ಕೂತು, "ಡೆಲ್ಮರ್, ಮರಿ ಹಿಡಿದಿದೀಯೋ ಹೆಂಡ್ತಿ ಕೈ ಹಿಡಿದಿದೀಯೋ, ಬೇಗ ಆಗ್ಲಿ," ಎನ್ನುತ್ತಿದ್ದ. ಮಧ್ಯಾಹ್ನ ಅಂಗಳದಲ್ಲಿ ಉದ್ದ ಮೇಜು ಹಾಕಿ ಬೀನ್ಸ್ ಸಾರು, ಬ್ರೆಡ್ಡು, ಕೆಂಪು ವೈನು, ಬೆಳ್ಳುಳ್ಳಿ ಹಾಕಿ ಹುರಿದ ಮರಿಬೀಜ ಬಡಿಸಿದೆವು. ಎಲ್ಲರೂ ತಿನ್ನಲು ಶುರುಮಾಡಿದ ಮೇಲೆ ಪೆಲ್ಲೊ ಮಾತಾಡಿದ. ಅವನ ದನಿ ಅಷ್ಟು ಹೊತ್ತಿಗೆ ಬಹಳ ಸಣ್ಣದಾಗಿತ್ತು. ಜನ ಚಮಚ ಇಟ್ಟು ಕೇಳಬೇಕಾಯಿತು.

"ಒಂದು ವಿಷಯ ಹೇಳ್ತೀನಿ, ಕೇಳಿ. ಟಗರಿಗೆ ಗಂಟು ಬರೋದು ಬಾಲದಲ್ಲಿ, ಅದು ಕೊಲ್ಲಲ್ಲ. ಗಂಡಸಿಗೆ ಬೀಜದಲ್ಲೇ ಬರುತ್ತೆ. ಅದೂ ನೋಯಲ್ಲ, ಆದ್ರೆ ಕೊಲ್ಲುತ್ತೆ. ನಾನು ಎರಡೂ ಒಂದೇ ಅಂದ್ಕೊಂಡೆ. ನೀವೂ ಹಾಗೇ ಅಂದ್ಕೊಳ್ಳೋರೇ, ಯಾಕಂದ್ರೆ ನಿಮಗೆಲ್ಲ ಕಲಿಸಿದ್ದು ನಾನೇ. ಬಿಸಿನೀರು ಸ್ನಾನ ಮಾಡಿ, ಆಮೇಲೆ ನಾನು ಟಗರು ನೋಡೋ ಹಾಗೆ ನಿಮ್ಮದು ನೀವು ನೋಡ್ಕೊಳ್ಳಿ. ಗಟ್ಟಿ ಸಿಕ್ರೆ ಅವತ್ತೇ ಹೋಗಿ."

ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಕೊನೆಗೆ ಮೇಜಿನ ತುದಿಯಿಂದ ಒಬ್ಬ, "ನಮ್ಮ ಡೆಲ್ಮರ್ ಬಿಸಿನೀರು ಕಂಡಿದ್ದು ಮದುವೆ ದಿನಾನೇ ಕಡೆ," ಎಂದ. ಎಲ್ಲರೂ ಬೇಕಾದ್ದಕ್ಕಿಂತ ಜೋರಾಗಿ ನಕ್ಕರು. ಪೆಲ್ಲೊ ಕೂಡ ನಕ್ಕ, ನಕ್ಕು ಕೆಮ್ಮಿದ. ಡೆಲ್ಮರ್ ನಗಲಿಲ್ಲ. ಪಾತ್ರೆ ತೊಳೆಯುವ ಹೊತ್ತಿಗೆ ತನ್ನ ತಟ್ಟೆ ತಾನೇ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದ.

"ಲೋರ್ನಾ, ಎಷ್ಟು ಗಟ್ಟಿ ಇತ್ತು?"

"ಹಸಿ ಆಲೂಗಡ್ಡೆ ಥರ," ಎಂದೆ.

ಅವನು ತಲೆಯಾಡಿಸಿ, ತಟ್ಟೆ ಇಟ್ಟು ಹೋದ. ಮಾರನೆಯ ವಾರ ಊರಿನಲ್ಲಿ ಡಾಕ್ಟರ ಮನೆ ಮುಂದೆ ಅವನ ಟ್ರಕ್ಕು ನಿಂತಿತ್ತು. ಯಾಕೆಂದು ನನಗೆ ಗೊತ್ತಿಲ್ಲ.

ಪೆಲ್ಲೊ ಸತ್ತದ್ದು ಮಂದೆ ಬೆಟ್ಟ ಹತ್ತುವ ದಿನ. ಕಿಟಕಿ ತೆರೆದಿಟ್ಟಿದ್ದೆ, ಗಂಟೆಗಳ ಸದ್ದು ದೂರವಾಗುತ್ತಿತ್ತು. ಅವನಿಗೆ ಆಗ ಎಚ್ಚರವಿತ್ತೋ ಇಲ್ಲವೋ. ಕಂಬಳಿಯ ಅಂಚನ್ನು ಎರಡೂ ಕೈಯ ಬೆರಳುಗಳಲ್ಲಿ ಹಿಡಿದು, ಮೆಲ್ಲಗೆ ಒತ್ತಿ ನೋಡಿ, "ಸರಿ," ಎನ್ನುತ್ತಿದ್ದ. ಬೆರಳನ್ನು ಸ್ವಲ್ಪ ಮುಂದಕ್ಕೆ ಸರಿಸಿ ಮತ್ತೆ ಒತ್ತುತ್ತಿದ್ದ. "ಸರಿ." ಕಣ್ಣು ಕಿಟಕಿಯಾಚೆ ಬೆಟ್ಟದ ಕಡೆಗೇ ಇತ್ತು. ಅಮಾ ಅವನ ಕಾಲು ನೀವುತ್ತಾ ಕೂತಿದ್ದರು. ಕಂಬಳಿಯ ಅಂಚು ಮುಗಿಯುವ ಮೊದಲೇ ಕೈ ನಿಂತಿತು.

ಈಗ ಮತ್ತೆ ಅಕ್ಟೋಬರ್. ಟಗರು ನೋಡಲು ಶೆರಿಡನ್ ಪಟ್ಟಣದಿಂದ ಪಶುವೈದ್ಯರು ಬರುತ್ತಾರೆ, ಕೈಗವಸು ಹಾಕಿಕೊಂಡೇ ನೋಡುತ್ತಾರೆ.

ಬೆನ್ಯಾತ್‌ಗೆ ಒಲೆಯ ಪಕ್ಕದಲ್ಲಿ ತಗಡಿನ ತೊಟ್ಟಿಯಿಟ್ಟು ಸ್ನಾನ ಮಾಡಿಸುತ್ತೇನೆ. ಬಟ್ಟೆ ಬಿಚ್ಚಿದ ಕೂಡಲೇ ಚಳಿಗೆ ಬಲಗಡೆಯದು ಮೇಲೆ ಓಡಿಹೋಗುತ್ತದೆ, ಚೀಲ ಒಂದು ಕಡೆ ಬರಿದಾಗುತ್ತದೆ. ಮೊದಲ ಸಲ ನೋಡಿದ ದಿನವೇ ಅವನನ್ನು ಡಾಕ್ಟರ ಹತ್ತಿರ ಹೊತ್ತುಕೊಂಡು ಹೋದೆ. ಬಿಸಿನೀರಿನಲ್ಲಿ ಇಳಿದು ಬಂದು ಅಲ್ಲೇ ನಿಂತರೆ ಸದ್ಯಕ್ಕೆ ಭಯವಿಲ್ಲ, ಇಳಿಯದೆ ಉಳಿದರೆ ತಡಮಾಡದೆ ಬನ್ನಿ ಎಂದಿದ್ದಾರೆ. ಅವನು ದೊಡ್ಡವನಾಗುವವರೆಗೂ ನಾನು ನೋಡುತ್ತೇನೆ. ಆಮೇಲೆ ಅವನೇ ನೋಡಿಕೊಳ್ಳುವುದನ್ನು ಕಲಿಸಬೇಕು. ನಾನೇ ಕಲಿಸಬೇಕು, ಇನ್ಯಾರಿದ್ದಾರೆ.

ಅಮಾ ಟವೆಲನ್ನು ಒಲೆಯ ಮೇಲೆ ಬಿಸಿ ಮಾಡಿಕೊಂಡು ಹಿಂದೆ ನಿಂತಿರುತ್ತಾರೆ. ಬೆನ್ಯಾತ್ ನೀರು ಎರಚಿ ಮರದ ಚಮಚವನ್ನು ದೋಣಿ ಮಾಡಿಕೊಂಡಿರುತ್ತಾನೆ. ನಿನ್ನೆ ಅದು ಇಳಿಯಲು ತಡವಾಯಿತು. ಇನ್ನೊಂದು ತಂಬಿಗೆ ಬಿಸಿನೀರು ಸುರಿದು ಕಾದೆ.

"ಎರಡೂ ಇದಾವಾ?" ಎಂದರು ಅಮಾ.

"ತಡೀರಿ ಅಮಾ."

ಮತ್ತೊಂದು ತಂಬಿಗೆ ಸುರಿದೆ. ಅಮಾ ಟವೆಲನ್ನು ಎದೆಗೆ ಅವಚಿಕೊಂಡು ನಿಂತಿದ್ದರು.

"ಇದಾವೆ," ಎಂದೆ. "ಮೆತ್ತಗಿದಾವೆ. ಟವೆಲ್ ಕೊಡಿ."